ಲ್ಯಾರಿ ಹೋಮ್ಸ್ ಮತ್ತು ಅವರ ಎಡಗೈ: ಪದೇ ಪದೇ ಕೇಳುವ ಪ್ರಶ್ನೆಗಳು

ಕುರ್ಲಾದ ಹಳೆಯ ಕಟ್ಟಡವೊಂದರ ಟೆರೇಸಿನ ಮೇಲೆ ವಾರದಲ್ಲಿ ನಾಲ್ಕು ಸಂಜೆ ನಾನು ಬಾಕ್ಸಿಂಗ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ, ತುಳು ಮಾತಾಡುವ ಮನೆಗಳ ಮಕ್ಕಳು. ಕೆಲವರು ಹೋಟೆಲುಗಳಲ್ಲಿ ದುಡಿಯುವ ಯುವಕರು. ಅವರಿಗೆ ಮಾದರಿಯಾಗಿ ನಾನು ತೋರಿಸುವುದು ಅಲಿಯವರನ್ನೂ ಅಲ್ಲ, ಟೈಸನ್ನರನ್ನೂ ಅಲ್ಲ, ಲ್ಯಾರಿ ಹೋಮ್ಸ್ ಅವರನ್ನು. ಯಾಕೆಂದು ಮಕ್ಕಳು ಕೇಳುತ್ತಾರೆ, ಅವರ ತಂದೆಯರು ಕೇಳುತ್ತಾರೆ, ಮಾಟುಂಗದಲ್ಲಿ ಭಾನುವಾರ ಸಿಗುವ ಗೆಳೆಯರು ಕೇಳುತ್ತಾರೆ, ಪುಣೆ ಮತ್ತು ಗೋವಾದಿಂದ ಪತ್ರ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಆರಂಭದ ಪ್ರಶ್ನೆಗಳು

ಲ್ಯಾರಿ ಹೋಮ್ಸ್ ಅಂದ್ರೆ ಯಾರು ಮಾಸ್ಟ್ರೇ? ಅಲಿ ಗೊತ್ತು, ಟೈಸನ್ ಗೊತ್ತು, ಈ ಹೆಸರು ಕೇಳಿಯೇ ಇಲ್ಲ.

ಅಮೆರಿಕದ ಹೆವಿವೇಟ್ ಬಾಕ್ಸರ್. 1978ರ ಜೂನ್‌ನಿಂದ 1985ರ ಸೆಪ್ಟೆಂಬರ್‌ವರೆಗೆ, ಏಳು ವರ್ಷಕ್ಕೂ ಮಿಕ್ಕಿ, ವಿಶ್ವ ಚಾಂಪಿಯನ್ ಆಗಿದ್ದವರು. ಆ ಅವಧಿಯಲ್ಲಿ 20 ಸಲ ಪಟ್ಟವನ್ನು ಪಣಕ್ಕಿಟ್ಟು 20 ಸಲವೂ ಉಳಿಸಿಕೊಂಡರು. ಒಂದೇ ಆಳ್ವಿಕೆಯಲ್ಲಿ ಇದಕ್ಕಿಂತ ಹೆಚ್ಚು ಸಲ ಪಟ್ಟ ಕಾಯ್ದುಕೊಂಡ ಹೆವಿವೇಟ್ ಜೋ ಲೂಯಿ ಒಬ್ಬರೇ, ಅವರದು 25. ನೀವು ಹೇಳಿದ ಎರಡು ಹೆಸರುಗಳ ನಡುವಿನ ಕೊಂಡಿಯೂ ಹೋಮ್ಸ್ ಅವರೇ. 1980ರಲ್ಲಿ ಅವರು ಅಲಿಯವರನ್ನು ಸೋಲಿಸಿದರು, 1988ರಲ್ಲಿ ಟೈಸನ್‌ಗೆ ಸೋತರು. ಜನ ಸಾಮಾನ್ಯವಾಗಿ ಈ ಎರಡು ರಾತ್ರಿಗಳಿಂದಲೇ ಅವರನ್ನು ಅಳೆಯುತ್ತಾರೆ. ಅವೆರಡರ ನಡುವೆ ಮತ್ತು ಹಿಂದೆ ಮುಂದೆ ಇರುವುದನ್ನು ನೋಡಿದವರು ಹಾಗೆ ಅಳೆಯಲಾರರು.

ಬಡವರ ಮನೆಯವರಾ ಅವ್ರು? ಶಾಲೆ ಎಷ್ಟು ಕಲ್ತಿದ್ರು?

ಇದನ್ನು ಕೇಳಿದವನು ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಕಡೆಯ ಹುಡುಗ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೋಮ್ಸ್ ಹುಟ್ಟಿದ್ದು 1949ರ ನವೆಂಬರ್ 3ರಂದು, ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಊರಿನಲ್ಲಿ. ಮನೆಯಲ್ಲಿ ಹನ್ನೆರಡು ಮಕ್ಕಳು. ಅವರು ಚಿಕ್ಕವರಿದ್ದಾಗಲೇ ಕುಟುಂಬ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಕಾರ್ಖಾನೆಗಳ ಊರಿಗೆ ವಲಸೆ ಹೋಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಗಂಟೆಗೆ ಒಂದು ಡಾಲರ್ ಕೂಲಿಗೆ ಕಾರು ತೊಳೆಯುವ ಕೆಲಸಕ್ಕೆ ಸೇರಿದರು. ಮುಂದೆ ಲಾರಿ ಓಡಿಸಿದರು, ಕಲ್ಲುಗಣಿಯಲ್ಲೂ ದುಡಿದರು. ಹಗಲೆಲ್ಲ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಓದಿದ ನಮ್ಮ ಹಿರಿಯರ ಮುಂಬಯಿಯನ್ನು ಬಲ್ಲವರಿಗೆ ಈ ಬಾಲ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆವಿವೇಟ್ ಅಂದ್ರೆ ಎಷ್ಟು ಕೆಜಿ? ಅವರ ಎತ್ತರ ಎಷ್ಟು?

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈಗ 200 ಪೌಂಡ್, ಅಂದರೆ ಸುಮಾರು 90.7 ಕೆಜಿ ದಾಟಿದವರು ಹೆವಿವೇಟ್. ಕ್ರೂಸರ್‌ವೇಟ್ ಎಂಬ ವರ್ಗ ಹುಟ್ಟುವ ಮೊದಲು 175 ಪೌಂಡ್ ದಾಟಿದವರೆಲ್ಲರೂ ಹೆವಿವೇಟ್‌ಗಳೇ ಆಗಿದ್ದರು. ಹೋಮ್ಸ್ ಅವರ ಎತ್ತರ 6 ಅಡಿ 3 ಅಂಗುಲ, ಚಾಚಿದ ಎರಡು ಕೈಗಳ ಅಳತೆ 81 ಅಂಗುಲ. ಪಟ್ಟದಲ್ಲಿದ್ದ ಉತ್ತಮ ದಿನಗಳಲ್ಲಿ ಅವರ ತೂಕ ಸುಮಾರು 210 ಪೌಂಡ್. ಇಂದಿನ ದೈತ್ಯರ ಪಕ್ಕದಲ್ಲಿ ನಿಲ್ಲಿಸಿದರೆ ತೆಳ್ಳಗೆ ಕಾಣುವ ಮೈ.

ಒಟ್ಟು ಎಷ್ಟು ಪಂದ್ಯ, ಎಷ್ಟು ಸೋಲು?

ಒಟ್ಟು 75 ಪಂದ್ಯಗಳು. 69 ಗೆಲುವು, 6 ಸೋಲು. ಗೆಲುವುಗಳಲ್ಲಿ 44 ನಿಗದಿತ ಸುತ್ತು ಮುಗಿಯುವ ಮೊದಲೇ ಬಂದವು. ಮೊದಲ ವೃತ್ತಿಪರ ಪಂದ್ಯ 1973ರ ಮಾರ್ಚ್‌ನಲ್ಲಿ, ಕೊನೆಯದು 2002ರ ಜುಲೈನಲ್ಲಿ. ಆಗ ಅವರ ವಯಸ್ಸು 52. ಮೊದಲ ಸೋಲು ಬಂದದ್ದು 49ನೆಯ ಪಂದ್ಯದಲ್ಲಿ.

ಅಷ್ಟು ದೊಡ್ಡ ಆಟಗಾರ ಆದ್ರ, ಹೆಸರ ಯಾಕ್ರೀ ಉಳೀಲಿಲ್ಲ?

ಸೊಲ್ಲಾಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿರುವ ಹಿರಿಯರೊಬ್ಬರ ಪತ್ರದಲ್ಲಿದ್ದ ಪ್ರಶ್ನೆ ಇದು. ಮೊದಲ ಕಾರಣ, ಅವರು ಅಲಿಯವರ ಮರುದಿನ ಬಂದವರು. ಅಲಿ ಮಾತಾಡಿದರೆ ಲೋಕ ನಿಂತು ಕೇಳುತ್ತಿತ್ತು. 1980ರ ಜನವರಿಯಲ್ಲಿ ಅವರು ದೆಹಲಿಗೆ ಬಂದು ನಮ್ಮ ಬಾಕ್ಸರ್ ಕೌರ್ ಸಿಂಗ್ ಅವರೊಡನೆ ಪ್ರದರ್ಶನ ಪಂದ್ಯ ಆಡಿದಾಗ ಭಾರತದಲ್ಲೂ ಹಾಗೆಯೇ ಆಯಿತು. ಅಂಥವರ ಬಳಿ ಹೋಮ್ಸ್ ಕೆಲವು ವರ್ಷ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟದ, ಜೊತೆಗಾರನಾಗಿ ದುಡಿದಿದ್ದರು. ಯಜಮಾನನ ಗಲ್ಲಾಪೆಟ್ಟಿಗೆಯ ಮೇಲೆ ಕೂತ ಕೆಲಸದ ಹುಡುಗನನ್ನು ನೋಡುವಂತೆ ಜನ ಅವರನ್ನು ನೋಡಿದರು. ಎರಡನೆಯ ಕಾರಣ, ಹಿಂದಿನಿಂದ ಟೈಸನ್ ಬಂದರು, ವಿಡಿಯೊ ಕ್ಯಾಸೆಟ್ಟಿನ ಕಾಲವೂ ಜೊತೆಗೇ ಬಂತು. ಒಂದೂವರೆ ನಿಮಿಷದ ನಾಕೌಟನ್ನು ಮತ್ತೆ ಮತ್ತೆ ಹಾಕಿ ನೋಡಬಹುದು. ಹದಿನೈದು ಸುತ್ತು ಒಂದೇ ಎಡಗೈಯಿಂದ ಎದುರಾಳಿಯನ್ನು ತೇಯುವುದನ್ನು ನೋಡಲು ತಾಳ್ಮೆ ಬೇಕು.

ಮೂರನೆಯ ಕಾರಣ ನನ್ನ ಅಭಿಪ್ರಾಯ ಮಾತ್ರ. ಹೋಮ್ಸ್ ಈಸ್ಟನ್ ಬಿಟ್ಟು ಹೋಗಲಿಲ್ಲ. ಗೆದ್ದ ಹಣವನ್ನು ಅಲ್ಲಿಯ ಕಟ್ಟಡಗಳಲ್ಲಿ, ವ್ಯಾಪಾರದಲ್ಲಿ ತೊಡಗಿಸಿದರು, ಅಲ್ಲೇ ಬಾಳಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅಮೆರಿಕಕ್ಕೂ ಸಲ್ಲುತ್ತದೆ. ಆದರೂ ಅವರ ಊರು ಅವರನ್ನು ಮರೆತಿಲ್ಲ. ನದಿಯ ಪಕ್ಕದ ರಸ್ತೆಗೆ ಅವರ ಹೆಸರಿಟ್ಟಿದೆ, 2015ರಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದೆ.

## ಹೊಡೆತದ ರೀತಿ

ಜ್ಯಾಬ್ ಅಂದ್ರೆ ಬರೀ ಮುಟ್ಟಿ ಬರೋ ಹೊಡೆತ ಅಲ್ವಾ? ಅದರಿಂದ ಯಾರು ಬೀಳ್ತಾರೆ?

ಬಲಗೈ ಬಾಕ್ಸರ್ ಎಡಗೈಯನ್ನು ಮುಂದಿಟ್ಟು ನಿಲ್ಲುತ್ತಾನೆ. ಆ ಮುಂದಿನ ಕೈಯಿಂದ ನೇರವಾಗಿ ಚುಚ್ಚಿ ಹಿಂದೆಳೆದುಕೊಳ್ಳುವ ಹೊಡೆತವೇ ಜ್ಯಾಬ್. ಹೆಚ್ಚಿನವರಿಗೆ ಅದು ಅಳತೆಗೋಲು ಮಾತ್ರ: ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವ ಹಾಗೆ, ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಹೊಡೆದರೆ ಯಾವ ಕಡೆಗೆ ವಾಲುತ್ತಾನೆ ಎಂದು ತಿಳಿಯುವ ಉಪಾಯ. ಹೋಮ್ಸ್ ಅವರ ಕೈಯಲ್ಲಿ ಅದು ಅಳತೆಗೋಲೂ ಆಗಿತ್ತು, ಗುರಾಣಿಯೂ ಆಗಿತ್ತು, ಶಿಕ್ಷೆಯೂ ಆಗಿತ್ತು.

ಅವರ ಜ್ಯಾಬ್ ಮೂಗಿನ ಮೇಲೆ ಬಂದು ನಿಲ್ಲುವುದಿಲ್ಲ, ಮೂಗನ್ನು ಹಾದು ಹಿಂದಲೆಯವರೆಗೆ ಹೋಗುವಂತೆ ಬರುತ್ತದೆ. ಮುಂದಿನ ಕಾಲು ನೆಲ ಮುಟ್ಟುವ ಗಳಿಗೆಗೆ ಮುಷ್ಟಿ ಮುಖ ಮುಟ್ಟುತ್ತದೆ, ಆದ್ದರಿಂದ ಕೈಯ ಹಿಂದೆ ಇಡೀ ಮೈಯ ಭಾರ ಇರುತ್ತದೆ. ಕೊನೆಯ ಕ್ಷಣದಲ್ಲಿ ಮಣಿಕಟ್ಟು ಒಳಕ್ಕೆ ತಿರುಗುವುದರಿಂದ ಹೊಡೆತಕ್ಕೆ ಚಾಟಿಯ ತುದಿಯ ಬಿರುಸು ಬರುತ್ತದೆ. ಇದನ್ನು ಒಂದು ಸಲ ತಿಂದವನಿಗೆ ಏನೂ ಆಗದಿರಬಹುದು. ಸುತ್ತಿಗೆ ಹತ್ತು ಹದಿನೈದು ಸಲ, ಹತ್ತು ಸುತ್ತು ತಿಂದವನ ಕಣ್ಣು ಊದುತ್ತದೆ, ತಲೆ ಪ್ರತಿ ಸಲ ಹಿಂದಕ್ಕೆ ಸಿಡಿದು ಕುತ್ತಿಗೆ ಸೋಲುತ್ತದೆ, ತಾನು ಹೊಡೆಯಬೇಕೆಂದು ಕಾಲಿಟ್ಟಾಗಲೆಲ್ಲ ಮುಖಕ್ಕೆ ಏನೋ ತಗಲಿ ಯೋಚನೆಯೇ ತುಂಡಾಗುತ್ತದೆ. ಅವರ ಎದುರಾಳಿಗಳು ಕೊನೆಗೆ ಬಿದ್ದದ್ದು ಬಲಗೈ ಹೊಡೆತಕ್ಕೆ ಎಂದು ದಾಖಲೆ ಹೇಳಬಹುದು, ಆದರೆ ಬೀಳಿಸುವ ಕೆಲಸದ ಮುಕ್ಕಾಲು ಪಾಲನ್ನು ಎಡಗೈ ಅಷ್ಟರಲ್ಲೇ ಮುಗಿಸಿರುತ್ತಿತ್ತು.

ಇನ್ನೊಂದು ಸಂಗತಿಯನ್ನು ನಾನು ಮಕ್ಕಳಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಅವರು ಒಂದೇ ಜ್ಯಾಬಿಗೆ ನಿಲ್ಲಿಸುತ್ತಿರಲಿಲ್ಲ. ಮೊದಲನೆಯದನ್ನು ತಪ್ಪಿಸಲು ಎದುರಾಳಿ ತಲೆ ಸರಿಸಿದರೆ, ಸರಿಸಿದ ಜಾಗಕ್ಕೇ ಎರಡನೆಯದು ಬರುತ್ತಿತ್ತು. ಎರಡರ ನಡುವೆ ಕೈ ಪೂರ್ತಿ ಹಿಂದೆ ಬರುತ್ತಲೂ ಇರಲಿಲ್ಲ, ಅರ್ಧ ದಾರಿಯಿಂದಲೇ ಮತ್ತೆ ಹೊರಡುತ್ತಿತ್ತು.

ಎಡಗೈ ಅಷ್ಟು ಕೆಳಗೆ ಇಟ್ಕೊಳ್ತಾರೆ. ನಾವು ಇಟ್ರೆ ಮಾತ್ರ ಬೈತೀರಲ್ಲ ಸರ್?

ಬೈಯುವುದಕ್ಕೆ ಕಾರಣವಿದೆ. ಹೋಮ್ಸ್ ಅವರ ಎಡಗೈ ಸೊಂಟದ ಮಟ್ಟದಿಂದ ಹೊರಡುತ್ತಿತ್ತು. ಎದುರಾಳಿಯ ಕಣ್ಣು ಮುಖ, ಎದೆಗಳ ಮೇಲಿರುವಾಗ ಹೊಡೆತ ಅದರ ಕೆಳಗಿನಿಂದ ಎದ್ದು ಬರುವುದರಿಂದ, ಕಂಡಾಗ ತಡವಾಗಿರುತ್ತಿತ್ತು. ಭುಜವೂ ಬಿಗಿಯಾಗದೆ ಹಗುರವಾಗಿ ಉಳಿಯುತ್ತಿತ್ತು. ಆದರೆ ಆ ಭಂಗಿಗೆ ಅವರು ಬೆಲೆ ತೆತ್ತಿದ್ದಾರೆ. ಜ್ಯಾಬ್ ಹೋಗಿ ಕೆಳಗಿನ ದಾರಿಯಿಂದಲೇ ಮರಳುವಾಗ ಎಡ ಕೆನ್ನೆ ಬಯಲಾಗುತ್ತದೆ. ಆ ಎಡೆಯಲ್ಲಿ ಮೇಲಿನಿಂದ ಬರುವ ಬಲಗೈ ಹೊಡೆತಕ್ಕೆ ಅವರು ಜೀವನವಿಡೀ ಸಿಕ್ಕಿಬಿದ್ದರು. 1979ರಲ್ಲಿ ಅರ್ನಿ ಶೇವರ್ಸ್, 1981ರಲ್ಲಿ ರೆನಾಲ್ಡೊ ಸ್ನೈಪ್ಸ್ ಅವರನ್ನು ನೆಲಕ್ಕೆ ಕೆಡವಿದ್ದು ಬಲಗೈಯಿಂದಲೇ.

ಹೋಮ್ಸ್ ಉಳಿದದ್ದು 81 ಅಂಗುಲದ ಕೈಯಳತೆ, ಹಿಂದೆ ಸರಿಯಬಲ್ಲ ಕಾಲು ಮತ್ತು ಅಸಾಧಾರಣ ಚೇತರಿಕೆಯಿಂದ. ಹದಿನಾಲ್ಕು ವರ್ಷದ ಹುಡುಗನಿಗೆ ಈ ಮೂರೂ ಇರುವುದಿಲ್ಲ. ಅವರ ಜ್ಯಾಬ್ ಕಲಿಯಿರಿ, ಅವರ ಗಾರ್ಡ್, ಅಂದರೆ ಮುಖ ಕಾಯಲು ಕೈ ಹಿಡಿಯುವ ರೀತಿ, ಕಲಿಯಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬಲಗೈಯಲ್ಲಿ ದಮ್ ಇರಲಿಲ್ಲ ಅಂತಾರಲ್ಲ?

ಹಾಗೆ ಹೇಳುವವರು ಅವರ ಪಟ್ಟದ ಮೊದಲ ಎರಡೂವರೆ ವರ್ಷವನ್ನು ನೋಡಿಲ್ಲ. ಮೊದಲ ಎಂಟು ಪಟ್ಟರಕ್ಷಣೆಯ ಪಂದ್ಯಗಳಲ್ಲಿ ಒಂದೂ ತೀರ್ಪುಗಾರರ ಅಂಕಪಟ್ಟಿಯವರೆಗೆ ಹೋಗಲಿಲ್ಲ. ಶೇವರ್ಸ್ ಅವರಂತೆ ಒಂದೇ ಏಟಿಗೆ ದೀಪ ಆರಿಸುವ ಕೈ ಅವರದಲ್ಲ, ನಿಜ. ಆದರೆ ಜ್ಯಾಬಿನ ಬೆನ್ನಿಗೇ ಅದೇ ಗೆರೆಯಲ್ಲಿ ಬರುತ್ತಿದ್ದ ನೇರ ಬಲಗೈ ಬಹಳ ಖಚಿತವಾಗಿತ್ತು. 1979ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮೈಕ್ ವೀವರ್ ಎದುರು ಬಹಳ ಕಷ್ಟಕ್ಕೆ ಸಿಕ್ಕಿದ್ದ ಅವರು 11ನೆಯ ಸುತ್ತಿನ ಕೊನೆಯಲ್ಲಿ ಬಲಗೈ ಅಪ್ಪರ್‌ಕಟ್ ಎಂಬ, ಕೆಳಗಿನಿಂದ ಗಲ್ಲಕ್ಕೆ ಏಳುವ ಹೊಡೆತ ಹೊಡೆದು ವೀವರ್ ಅವರನ್ನು ಕೆಡವಿ, 12ನೆಯದರಲ್ಲಿ ಪಂದ್ಯ ಮುಗಿಸಿದರು. ಅವರ ಹೊಡೆತಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಈ ಅಪ್ಪರ್‌ಕಟ್ಟೇ ಎಂದು ನಾನು ತಿಳಿದಿದ್ದೇನೆ. ಜ್ಯಾಬಿನಿಂದ ತಪ್ಪಿಸಿಕೊಳ್ಳಲು ತಲೆ ತಗ್ಗಿಸುವುದು ಎಲ್ಲರ ಸಹಜ ಪ್ರತಿಕ್ರಿಯೆ. ತಗ್ಗಿಸಿದ ತಲೆಗಾಗಿ ಕೆಳಗೆ ಅದು ಕಾದಿರುತ್ತಿತ್ತು.

## ಪಂದ್ಯಗಳ ಕುರಿತು

ಅವರದ್ದು ಒಂದೇ ಒಂದು ಮ್ಯಾಚ್ ನೋಡೋದಾದ್ರೆ ಯಾವುದು ನೋಡಲಿ?

1978ರ ಜೂನ್ 9, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್, ಎದುರಾಳಿ ಕೆನ್ ನಾರ್ಟನ್. ಹೋಮ್ಸ್ ಚಾಂಪಿಯನ್ ಆದದ್ದು ಆ ರಾತ್ರಿ. ಪಂದ್ಯಕ್ಕೆ ಕೆಲವೇ ದಿನ ಮೊದಲು ಅವರ ಎಡತೋಳಿನ ಸ್ನಾಯುವಿಗೆ ಪೆಟ್ಟಾಗಿತ್ತು. ಅವರ ಅನ್ನದ ಕೈಯೇ ಅದು. ಅದೇ ಕೈಯಿಂದ ಅವರು ಮೊದಲ ಆರೇಳು ಸುತ್ತು ನಾರ್ಟನ್ ಅವರನ್ನು ದೂರ ಇಟ್ಟರು. ನಾರ್ಟನ್ ಎರಡೂ ಮುಂಗೈಗಳನ್ನು ಮುಖದ ಮುಂದೆ ಅಡ್ಡ ಕಟ್ಟಿಕೊಂಡು, ಬಲಗಾಲನ್ನು ಎಳೆಯುತ್ತ ಮುಂದೊತ್ತುವ ವಿಚಿತ್ರ ಶೈಲಿಯವರು. 1973ರಲ್ಲಿ ಅಲಿಯವರ ದವಡೆ ಮುರಿದವರು. ನಡುವಿನ ಸುತ್ತುಗಳಲ್ಲಿ ಅವರು ಒಳನುಗ್ಗಿ ಹೊಟ್ಟೆಗೆ ಹೊಡೆಯಲು ತೊಡಗಿದ ಮೇಲೆ ಪಂದ್ಯ ಮಗ್ಗುಲು ಬದಲಿಸಿತು. 14 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಇಬ್ಬರೂ ಸರಿಸಮ.

ಹದಿನೈದನೆಯ ಸುತ್ತಿನಲ್ಲಿ ನಡೆದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕವಿಲ್ಲ. ಇಬ್ಬರಲ್ಲೂ ಕಾಲು ಎತ್ತುವ ಶಕ್ತಿ ಉಳಿದಿಲ್ಲ. ಸುತ್ತಿನ ಮೊದಲ ಭಾಗದಲ್ಲಿ ನಾರ್ಟನ್ ಹೊಡೆಯುತ್ತಾರೆ, ಹೋಮ್ಸ್ ತಿನ್ನುತ್ತಾರೆ, ಮತ್ತೆ ಹೋಮ್ಸ್ ತಿರುಗಿ ನಿಲ್ಲುತ್ತಾರೆ. ಕೊನೆಯ ನಿಮಿಷದಲ್ಲಿ ಯಾರೂ ತಡೆಯುವುದಿಲ್ಲ, ತಪ್ಪಿಸಿಕೊಳ್ಳುವುದಿಲ್ಲ, ಬರಿದೇ ಹೊಡೆಯುತ್ತಾರೆ. ಗಂಟೆ ಬಾರಿಸುವ ಹೊತ್ತಿಗೆ ನಾರ್ಟನ್ ತೂರಾಡುತ್ತಿದ್ದರು. ಇಬ್ಬರು ತೀರ್ಪುಗಾರರು 143-142 ಎಂದು ಹೋಮ್ಸ್ ಅವರಿಗೆ ಕೊಟ್ಟರು, ಮೂರನೆಯವರು ಅದೇ ಅಂತರದಿಂದ ನಾರ್ಟನ್ ಅವರಿಗೆ ಕೊಟ್ಟರು. ಒಂದು ಸುತ್ತು, ಒಂದು ಅಂಕ. ಮುಂದಿನ ಏಳು ವರ್ಷ ನಿಂತದ್ದು ಅದರ ಮೇಲೆ.

ಶೇವರ್ಸ್ ಹೊಡೆದಾಗ ಸತ್ತೇ ಹೋದ್ರು ಅನ್ನಿಸ್ತು. ಹೇಗೆ ಎದ್ದರು?

ಅರ್ನಿ ಶೇವರ್ಸ್ ತಮ್ಮ 74 ಗೆಲುವುಗಳಲ್ಲಿ 68ನ್ನು ನಾಕೌಟಿನಿಂದ ಪಡೆದವರು. 1979ರ ಸೆಪ್ಟೆಂಬರ್ 28ರಂದು, ಏಳನೆಯ ಸುತ್ತಿನಲ್ಲಿ, ಅವರ ಬಲಗೈ ಹೋಮ್ಸ್ ಅವರ ದವಡೆಗೆ ಬಿತ್ತು. ಹೋಮ್ಸ್ ಮಂಡಿಯೂರಿ ಕುಸಿಯಲಿಲ್ಲ. ಕಡಿದ ತೆಂಗಿನ ಮರದಂತೆ ಬೆನ್ನ ಮೇಲೆ ಬಿದ್ದರು. ರೆಫರಿಯ ಎಣಿಕೆ ಮುಗಿಯುವ ಮೊದಲು ಎದ್ದರು, ಅಪ್ಪಿ ಹಿಡಿದರು, ಹಗ್ಗಕ್ಕೆ ಒರಗಿ ಉಳಿದ ಕ್ಷಣಗಳನ್ನು ದಾಟಿದರು. ಎಂಟನೆಯ ಸುತ್ತಿಗೆ ಬಂದವರೇ ಮತ್ತೆ ಜ್ಯಾಬ್ ಹೊಡೆಯತೊಡಗಿದರು. 11ನೆಯದರಲ್ಲಿ ರೆಫರಿ ಪಂದ್ಯ ನಿಲ್ಲಿಸಿದಾಗ ತತ್ತರಿಸಿ ನಿಂತಿದ್ದವರು ಶೇವರ್ಸ್.

ಎದ್ದದ್ದಕ್ಕೆ ವಿವರಣೆ ನನ್ನಲ್ಲಿ ಒಂದೇ ಇದೆ, ಅದು ದೇಹಸ್ಥಿತಿ. ದಿನವೂ ಓಡಿದ ಕಾಲುಗಳು ಮನಸ್ಸಿನ ಅಪ್ಪಣೆಗೆ ಕಾಯದೆ ತಾವಾಗಿ ನಿಲ್ಲುತ್ತವೆ. ಟೆರೇಸಿನ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿಯಲು ಗೊಣಗುವ ಮಕ್ಕಳಿಗೆ ನಾನು ಈ ಸುತ್ತನ್ನು ತೋರಿಸುತ್ತೇನೆ.

ಅಲಿಯಂಥವರನ್ನು ಹಾಗೆ ಹೊಡೆದವನನ್ನು ನಾನು ಹೇಗೆ ಮೆಚ್ಚಲಿ?

ಮಾಟುಂಗದ ಹಿರಿಯ ಗೆಳೆಯರೊಬ್ಬರು ಇದನ್ನು ಕೇಳುವಾಗ ಅವರ ದನಿ ನಡುಗಿತ್ತು, ಆದ್ದರಿಂದ ಸಮಾಧಾನದಿಂದ ಉತ್ತರಿಸಬೇಕು. 1980ರ ಅಕ್ಟೋಬರ್ 2ರಂದು ಅಲಿಯವರಿಗೆ 38 ವರ್ಷ. ಎರಡು ವರ್ಷಗಳ ನಿವೃತ್ತಿಯಿಂದ ಮರಳಿದ್ದರು. ತೂಕ ಇಳಿದು, ಕೂದಲು ಕಪ್ಪಾಗಿ, ನೋಡಲು ಹಳೆಯ ಅಲಿಯಂತೆಯೇ ಇದ್ದರು. ಆದರೆ ಥೈರಾಯ್ಡ್ ಔಷಧಿ ಅವರ ಮೈಯ ಕಸುವನ್ನು ಹೀರಿತ್ತು. ಹತ್ತು ಸುತ್ತಿನಲ್ಲಿ ಒಂದನ್ನೂ ಅವರು ಗೆಲ್ಲಲಿಲ್ಲ. ತರಬೇತುದಾರ ಏಂಜೆಲೊ ಡಂಡಿ ಹನ್ನೊಂದನೆಯ ಸುತ್ತಿಗೆ ಅವರನ್ನು ಕಳಿಸಲಿಲ್ಲ.

ಆ ಪಂದ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ, ಆದರೆ ಈ ಸಲ ಹೋಮ್ಸ್ ಅವರ ಮುಖವನ್ನು ನೋಡಿ. ಹೊಡೆದು ಹಿಂದೆ ಸರಿದು ರೆಫರಿಯತ್ತ ತಿರುಗುತ್ತಾರೆ, ಸಾಕು ಮಾಡಿ ಎಂಬಂತೆ. ಅಲಿ ಹಗ್ಗಕ್ಕೆ ಒರಗಿ ಅಸಹಾಯಕರಾದಾಗ ಮುಗಿಸಲು ಧಾವಿಸುವುದಿಲ್ಲ. ಡೀರ್ ಲೇಕ್‌ನ ಶಿಬಿರದಲ್ಲಿ ತಮಗೆ ಕೆಲಸ ಕೊಟ್ಟ, ಅನ್ನ ಕೊಟ್ಟ, ವಿದ್ಯೆ ಕೊಟ್ಟ ಮನುಷ್ಯನನ್ನು ಅವರು ಹೊಡೆಯಬೇಕಾಗಿ ಬಂದಿತ್ತು. ಪಂದ್ಯ ಮುಗಿದ ಮೇಲೆ ಹೋಮ್ಸ್ ಅತ್ತರು. ಭೀಷ್ಮನೆದುರು ಬಿಲ್ಲು ಹಿಡಿದ ಅರ್ಜುನನನ್ನು ಯಕ್ಷಗಾನದಲ್ಲಿ ರಾತ್ರಿಯಿಡೀ ನೋಡಿ ಮರುಗುವ ನಮಗೆ ಇದು ಅರ್ಥವಾಗಬೇಕು. ಗೆದ್ದು ಏನೂ ಸಿಗದ, ಸೋತರೆ ಎಲ್ಲವೂ ಹೋಗುವ ಪಂದ್ಯ ಅದು. ಜನ ಅವರನ್ನು ಇಂದಿಗೂ ಅದಕ್ಕಾಗಿ ಕ್ಷಮಿಸಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಕೂನಿ ಜೊತೆಗಿನ ಪಂದ್ಯದಲ್ಲಿ ಬಣ್ಣದ ಗಲಾಟೆ ಆಯ್ತಂತೆ, ಹೌದಾ?

ಹೌದು. 1982ರ ಜೂನ್ 11ರಂದು ಎದುರಾಳಿಯಾಗಿ ಬಂದ ಗೆರಿ ಕೂನಿ ಬಿಳಿಯರು, ಒಮ್ಮೆಯೂ ಸೋಲದವರು, ಎಡಗೈ ಹುಕ್ಕಿಗೆ, ಅಂದರೆ ಬದಿಯಿಂದ ಕೊಕ್ಕೆಯಂತೆ ಬರುವ ಹೊಡೆತಕ್ಕೆ, ಹೆಸರಾದವರು. ಬಿಳಿಯ ಚಾಂಪಿಯನ್ ಬೇಕೆಂದು ಹಾತೊರೆಯುತ್ತಿದ್ದ ಜನರ ಭಾವನೆಯನ್ನು ಪ್ರಚಾರಕರು ಲಾಭಕ್ಕೆ ಬಳಸಿಕೊಂಡರು. ರಿಂಗಿನಲ್ಲಿ ಚಾಂಪಿಯನ್ ಹೆಸರನ್ನು ಕೊನೆಗೆ ಕರೆಯುವುದು ಪದ್ಧತಿ. ಆ ರಾತ್ರಿ ಹೋಮ್ಸ್ ಹೆಸರನ್ನು ಮೊದಲು ಕರೆದು ಕೂನಿ ಹೆಸರನ್ನು ಕೊನೆಗೆ ಕರೆದರು. ಏಳು ವರ್ಷದ ಆಳ್ವಿಕೆಯಲ್ಲಿ ಅವರಿಗಾದ ದೊಡ್ಡ ಅವಮಾನ ಅದೇ ಇರಬೇಕು. ಹೋಮ್ಸ್ ಎರಡನೆಯ ಸುತ್ತಿನಲ್ಲೇ ಕೂನಿಯನ್ನು ಕೆಡವಿದರು, ಆಮೇಲೆ ಅವಸರಪಡದೆ ಜ್ಯಾಬಿನಿಂದ ತೇಯ್ದರು. 13ನೆಯ ಸುತ್ತಿನಲ್ಲಿ ಕೂನಿಯ ತರಬೇತುದಾರ ವಿಕ್ಟರ್ ವಾಯೆ ತಾವೇ ರಿಂಗಿಗೆ ಬಂದು ಪಂದ್ಯ ನಿಲ್ಲಿಸಿದರು. ಇಬ್ಬರು ಬಾಕ್ಸರುಗಳ ನಡುವೆ ದ್ವೇಷವಿರಲಿಲ್ಲ. ಮುಂದೆ ಅವರು ಗೆಳೆಯರಾದರು.

ಮಾರ್ಸಿಯಾನೊ ಬಗ್ಗೆ ಕೆಟ್ಟ ಮಾತಾಡಿದ್ರಂತಲ್ಲ?

ಆಡಿದರು, ಆಡಬಾರದಿತ್ತು. ರಾಕಿ ಮಾರ್ಸಿಯಾನೊ 49 ಪಂದ್ಯ ಗೆದ್ದು, ಒಂದನ್ನೂ ಸೋಲದೆ ನಿವೃತ್ತರಾದವರು. 1985ರ ಸೆಪ್ಟೆಂಬರ್ 21ರಂದು ಮೈಕೆಲ್ ಸ್ಪಿಂಕ್ಸ್ ಎದುರು ರಿಂಗಿಗಿಳಿದಾಗ ಹೋಮ್ಸ್ ಅವರದು 48 ಗೆಲುವು. ಮಾರ್ಸಿಯಾನೊ ಕೊನೆಯ ಪಂದ್ಯ ಆಡಿ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ ಅದು. ಹೋಮ್ಸ್ ಅಲ್ಪ ಅಂತರದಿಂದ ಸೋತರು. ಕೆಳಗಿನ ತೂಕದ ವರ್ಗವಾದ ಲೈಟ್ ಹೆವಿವೇಟ್‌ನ ಹಾಲಿ ಚಾಂಪಿಯನ್ ಒಬ್ಬರು ಹೆವಿವೇಟ್ ಪಟ್ಟ ಗೆದ್ದದ್ದು ಅದೇ ಮೊದಲು. ಆ ಕಹಿಯಲ್ಲಿ, ತೀರಿಹೋಗಿದ್ದ ಮಾರ್ಸಿಯಾನೊ ಅವರನ್ನು ಹೀನಾಯವಾಗಿ ಕಾಣುವ ಮಾತೊಂದು ಅವರ ಬಾಯಿಂದ ಬಂತು. ಕ್ಷಮೆ ಕೇಳಿದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 1986ರ ಏಪ್ರಿಲ್‌ನಲ್ಲಿ ನಡೆದ ಮರುಪಂದ್ಯದ ತೀರ್ಪೂ ಸ್ಪಿಂಕ್ಸ್ ಅವರ ಪಾಲಾಯಿತು. ಅದನ್ನು ಹೋಮ್ಸ್ ಗೆದ್ದಿದ್ದರೆಂದು ನಂಬುವ ಬಹಳ ಜನರಲ್ಲಿ ನಾನೂ ಒಬ್ಬ.

ಟೈಸನ್ ಎದುರು ನಾಲ್ಕೇ ರೌಂಡಿಗೆ ಬಿದ್ದರಲ್ಲ, ಅದಕ್ಕೇನು ಹೇಳ್ತೀರಿ?

1988ರ ಜನವರಿ 22ರಂದು ಟೈಸನ್‌ಗೆ 21 ವರ್ಷ, ಹೋಮ್ಸ್ ಅವರಿಗೆ 38. ಹೋಮ್ಸ್ 21 ತಿಂಗಳಿಂದ ಒಂದು ಪಂದ್ಯವನ್ನೂ ಆಡಿರಲಿಲ್ಲ. ನಾಲ್ಕನೆಯ ಸುತ್ತಿನ ಆರಂಭದಲ್ಲಿ ಅವರು ತುದಿಗಾಲ ಮೇಲೆ ಏಳುತ್ತಾರೆ, ಜ್ಯಾಬ್ ಹರಿಯತೊಡಗುತ್ತದೆ. ಹಳೆಯ ಹೋಮ್ಸ್ ಒಂದು ನಿಮಿಷದಷ್ಟು ಕಾಲ ಅಲ್ಲಿದ್ದಾರೆ. ಆಮೇಲೆ ಟೈಸನ್ ಮೂರು ಸಲ ಕೆಡವಿದರು. 75 ಪಂದ್ಯಗಳಲ್ಲಿ ಯಾರಾದರೂ ಅವರನ್ನು ಪೂರ್ತಿ ಸುತ್ತಾಡಲು ಬಿಡದೆ ಸೋಲಿಸಿದ್ದು ಅದೊಂದೇ ಸಲ.

## ಇನ್ನೂ ಒಳಗಿಳಿದು ಕೇಳಿದವು

ಅವರ ಕಾಲದ ಹೆವಿವೇಟ್‌ಗಳೆಲ್ಲ ಕಳಪೆ, ಅದಕ್ಕೇ 20 ಸಲ ಗೆದ್ದರು ಎಂಬ ಟೀಕೆಗೆ ನಿಮ್ಮ ಉತ್ತರವೇನು?

ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ. 1983ರಲ್ಲಿ ಮಾರ್ವಿಸ್ ಫ್ರೇಜಿಯರ್ ಅವರನ್ನು ಮೊದಲ ಸುತ್ತಿನಲ್ಲೇ ಮುಗಿಸಿದ ಪಂದ್ಯ ನಡೆಯಲೇಬಾರದಿತ್ತು. ಆ ಹುಡುಗನಿಗೆ ಅಷ್ಟು ಅನುಭವವಿರಲಿಲ್ಲ. ಅದೇ ವರ್ಷದ ಕೊನೆಗೆ ಹೋಮ್ಸ್ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟವನ್ನು ಬಿಟ್ಟು, ಆಗಷ್ಟೇ ಹುಟ್ಟಿದ್ದ ಅಂತರರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ನಿನ ಚಾಂಪಿಯನ್ ಎನಿಸಿಕೊಂಡರು. ಕೌನ್ಸಿಲ್ ಸೂಚಿಸಿದ್ದ ಎದುರಾಳಿ ಗ್ರೆಗ್ ಪೇಜ್ ಅವರೊಡನೆ ಆಡಬೇಕಿದ್ದ ಪಂದ್ಯ ಹೀಗೆ ತಪ್ಪಿಹೋಯಿತು. ನಾರ್ಟನ್, ವೀವರ್, ಟಿಮ್ ವಿದರ್‌ಸ್ಪೂನ್ ಇವರಲ್ಲಿ ಯಾರಿಗೂ ಹೋಮ್ಸ್ ಪಟ್ಟದಲ್ಲಿದ್ದಾಗ ಮರುಪಂದ್ಯ ಸಿಗಲಿಲ್ಲ. 1983ರ ಮೇ ತಿಂಗಳಲ್ಲಿ ವಿದರ್‌ಸ್ಪೂನ್ ಒಂಬತ್ತನೆಯ ಸುತ್ತಿನಲ್ಲಿ ಅವರನ್ನು ಬೀಳಿಸುವ ಹಂತಕ್ಕೆ ತಂದಿದ್ದರು, ಮೂವರು ತೀರ್ಪುಗಾರರಲ್ಲಿ ಇಬ್ಬರು ಮಾತ್ರ ಹೋಮ್ಸ್ ಅವರಿಗೆ ಕೊಟ್ಟರು. ಆ ಮರುಪಂದ್ಯ ಆಗಲೇಬೇಕಿತ್ತು.

ಆದರೆ ಇನ್ನೊಂದು ಲೆಕ್ಕವನ್ನೂ ಮುಂದಿಡಬೇಕು. ಪಟ್ಟಕ್ಕಾಗಿ ಬಂದು ಹೋಮ್ಸ್ ಅವರಿಗೆ ಸೋತ ವೀವರ್ 1980ರಲ್ಲಿ, ವಿದರ್‌ಸ್ಪೂನ್ 1984ರಲ್ಲಿ, ಟ್ರೆವರ್ ಬರ್ಬಿಕ್ ಮತ್ತು ಜೇಮ್ಸ್ ಸ್ಮಿತ್ 1986ರಲ್ಲಿ ಬೇರೆ ಬೇರೆ ಸಂಸ್ಥೆಗಳ ವಿಶ್ವ ಚಾಂಪಿಯನ್ನರಾದರು. ಹೋಮ್ಸ್ ಇವರನ್ನು ಎದುರಿಸಿದಾಗ ಇವರು ಹೆಸರಿಲ್ಲದವರು, ಅಪಾಯಕಾರಿಗಳು, ಹಸಿದವರು. ಹೆಸರು ಬಂದ ಮೇಲೆ ಎದುರಿಸಿದ್ದರೆ ಇದೇ ಗೆಲುವುಗಳಿಗೆ ಇನ್ನೊಂದೇ ತೂಕ ಬರುತ್ತಿತ್ತು.

42ನೇ ವಯಸ್ಸಿನಲ್ಲಿ ಮರ್ಸರ್ ಅವರನ್ನು ಗೆದ್ದದ್ದು ಹೇಗೆ? ಆಗ ಕಾಲೇ ಇರಲಿಲ್ಲವಲ್ಲ?

ಇದು ಕಣ್ಣುಳ್ಳವರ ಪ್ರಶ್ನೆ. 1992ರ ಫೆಬ್ರವರಿ 7ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಎದುರಿಗಿದ್ದ ರೇ ಮರ್ಸರ್ 1988ರ ಸೋಲ್ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತರು, ಅಲ್ಲಿಯವರೆಗೆ ವೃತ್ತಿಯಲ್ಲಿ ಸೋಲದವರು. ಹೋಮ್ಸ್ ಅವರಿಗೆ ತೇಲಿ ಓಡುವ ಕಾಲು ಉಳಿದಿರಲಿಲ್ಲ, ಹೊಟ್ಟೆ ಬಂದಿತ್ತು. ಆದ್ದರಿಂದ ಅವರು ಓಡುವುದನ್ನೇ ಕೈಬಿಟ್ಟರು. ರಿಂಗಿನ ಮೂಲೆಗೆ ತಾವಾಗಿಯೇ ಹೋಗಿ ಒರಗಿದರು. ಒರಗಿದವನ ಬೆನ್ನಿಗೆ ಆಸರೆಯಿದೆ. ಎದುರಾಳಿ ಬರಲು ಇರುವುದು ಮುಂದಿನ ದಾರಿ ಒಂದೇ. ಮರ್ಸರ್ ಕಾಲಿಟ್ಟಾಗಲೆಲ್ಲ ಚಿಕ್ಕದಾದ ನೇರ ಹೊಡೆತ, ಅದರ ಹಿಂದೆಯೇ ಬಲಗೈ, ಮತ್ತೆ ಮುಂಗೈಯಿಂದ ದೂಡಿ ಜಾಗ ಮಾಡಿಕೊಳ್ಳುವುದು. ಮೂವರು ತೀರ್ಪುಗಾರರೂ ಹೋಮ್ಸ್ ಅವರಿಗೇ ಕೊಟ್ಟರು. ಅದೇ ಜೂನ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಪಟ್ಟಕ್ಕಾಗಿ 12 ಸುತ್ತು ಆಡಿ ಸೋತರು. 45ರ ವಯಸ್ಸಿನಲ್ಲಿ, 1995ರ ಏಪ್ರಿಲ್‌ನಲ್ಲಿ, ಆಲಿವರ್ ಮೆಕಾಲ್ ಎದುರು ಮತ್ತೊಮ್ಮೆ ಪಟ್ಟಕ್ಕೆ ಆಡಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಒಂದೇ ಅಂಕದಿಂದ ಹಿಂದುಳಿದರು. 2008ರಲ್ಲಿ ಕನಸ್ಟೋಟಾದ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಮೂರು ರೌಂಡಿನ ಅಮೆಚೂರ್ ಆಟ ಆಡುವ ನಮ್ಮ ಮಕ್ಕಳಿಗೆ ಈ ಶೈಲಿ ಉಪಯೋಗಕ್ಕೆ ಬರುತ್ತದೆಯೇ? ಹೇಗೆ ಅಭ್ಯಾಸ ಮಾಡಿಸುತ್ತೀರಿ?

ಹದಿನೈದು ಸುತ್ತಿನ ತೇಯುವಿಕೆ ಮೂರು ಸುತ್ತಿನಲ್ಲಿ ಸಾಧ್ಯವಿಲ್ಲ. ಆದರೆ ಶುಭ್ರವಾಗಿ ತಗಲಿದ ನೇರ ಹೊಡೆತ ತೀರ್ಪುಗಾರರ ಕಣ್ಣಿಗೆ ಬೇಗ ಬೀಳುತ್ತದೆ, ಆದ್ದರಿಂದ ಜ್ಯಾಬ್ ಚೆನ್ನಾಗಿರುವ ಮಗು ಮೊದಲ ಸುತ್ತನ್ನು ಹೆಚ್ಚಾಗಿ ತನ್ನದಾಗಿಸಿಕೊಳ್ಳುತ್ತದೆ.

ನಮ್ಮ ಟೆರೇಸಿನಲ್ಲಿ ಮಾಡಿಸುವುದು ಎರಡೇ ಅಭ್ಯಾಸ. ಹಿಂದಿನ ದಿನದ ಕನ್ನಡ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಎಡ ಕಂಕುಳಲ್ಲಿ ಇಟ್ಟುಕೊಂಡು ಕನ್ನಡಿಯ ಮುಂದೆ ನಿಧಾನವಾಗಿ ಜ್ಯಾಬ್ ಚಾಚಬೇಕು. ಮೊಣಕೈ ಮೊದಲೇ ಹೊರಗೆ ಹಾರಿದರೆ ಪತ್ರಿಕೆ ಕೂಡಲೇ ಜಾರುತ್ತದೆ. ಕೈ ನೇರ ಹೋದರೆ ತೋಳು ಪೂರ್ತಿ ಚಾಚುವ ಹೊತ್ತಿಗಷ್ಟೇ ಬೀಳುತ್ತದೆ. ಎರಡನೆಯದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಗಲ್ಲದ ಎತ್ತರದಲ್ಲಿ ಒದ್ದೆ ಕರವಸ್ತ್ರ ಕಟ್ಟಿ ಅದಕ್ಕೆ ಎರಡು ಜ್ಯಾಬ್ ಹೊಡೆಯುವುದು. ಮೊದಲನೆಯದಕ್ಕೆ ಕರವಸ್ತ್ರ ಹಿಂದೆ ಹಾರಿ ಮರಳುತ್ತದೆ, ಮರಳುವ ದಾರಿಯಲ್ಲೇ ಎರಡನೆಯದು ಅದನ್ನು ಮುಟ್ಟಬೇಕು, ಮುಟ್ಟಿದ ಕೈ ಕೆನ್ನೆಗೆ ವಾಪಸು ಬರಬೇಕು. ಈ ಕೊನೆಯ ಭಾಗ ಮಾತ್ರ ಹೋಮ್ಸ್ ಅವರಿಂದ ಕಲಿತದ್ದಲ್ಲ. ಮಳೆಗಾಲದಲ್ಲಿ ಟೆರೇಸ್ ಜಾರುವುದರಿಂದ ಕರವಸ್ತ್ರವನ್ನು ಮೆಟ್ಟಿಲ ಬಳಿಯ ಮೊಳೆಗೆ ಕಟ್ಟುತ್ತೇವೆ. ದಿನಕ್ಕೆ ಇನ್ನೂರು ಸಲ, ಎಡಗೈ ಮಾತ್ರ. ಬಲಗೈ ಗ್ಲೌಸನ್ನು ನಾನು ಮೊದಲ ಮೂರು ತಿಂಗಳು ಕೊಡುವುದೇ ಇಲ್ಲ.